ಮಾತಿಲ್ಲದ ಕೈಲಾಸಂ

ಟಿ.ಪಿ. ಕೈಲಾಸಂ ಒಂದು ಮೂಕಿ ಸಿನಿಮಾದಲ್ಲಿ ನಟಿಸಿದ್ದರು. ಇದನ್ನು ಓದಿದಾಗಿನಿಂದ ನನ್ನ ತಲೆಯಲ್ಲಿ ಒಂದು ಹುಳ ಕೊರೆಯುತ್ತಲೇ ಇದೆ. ಕನ್ನಡ ಸಿನಿಮಾದ ಚರಿತ್ರೆ ಹೇಳುವ ಬರಹಗಳಲ್ಲಿ ಈ ಸಂಗತಿ ಶುರುವಿನಲ್ಲೇ ಬರುತ್ತದೆ. 1930ರ ಆಸುಪಾಸು. ಚಿತ್ರದ ಹೆಸರು ‘ವಸಂತಸೇನಾ’, ಇನ್ನೊಂದು ಹೆಸರು ‘ಮೃಚ್ಛಕಟಿಕ’. ನಿರ್ದೇಶಕ ಮೋಹನ್ ಭವನಾನಿ. ತಾರಾಗಣದಲ್ಲಿ ಎನಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ಕೈಲಾಸಂ. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಮುಂದಿನ ಪ್ಯಾರಾದಲ್ಲಿ 1934 ಬಂದಾಯಿತು, ‘ಸತಿ ಸುಲೋಚನಾ’ ಬಂದಾಯಿತು, ಕನ್ನಡ ಸಿನಿಮಾ ಮಾತಾಡೋಕೆ ಶುರು ಮಾಡಿಯೂ ಆಯಿತು.

ನನಗೆ ಮಾತ್ರ ಆ ಮುಂದಿನ ಪ್ಯಾರಾಕ್ಕೆ ಹೋಗೋಕೇ ಆಗುವುದಿಲ್ಲ. ಕೈಲಾಸಂ ಅಂದರೆ ಮಾತು ಅಲ್ವಾ? ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಉರುಳುವ ಆ ಸಂಭಾಷಣೆ, ಎದುರಿನವನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮೂರು ಪನ್ನು ಹಾರಿಸುವ ಚುರುಕು. ಆ ಮನುಷ್ಯ ತನ್ನ ನಾಟಕಗಳನ್ನು ಕೂತು ಬರೆದದ್ದಕ್ಕಿಂತ ಬಾಯಲ್ಲಿ ಹೇಳಿದ್ದೇ ಜಾಸ್ತಿ. ಗೆಳೆಯರು ಕೂತು ಬರೆದುಕೊಂಡರು. ಹಾಗೆ ಬರೆದುಕೊಂಡಿದ್ದರಿಂದ ನಮಗೆ ಇವತ್ತು ಪುಸ್ತಕಗಳಾದರೂ ಇವೆ. ಅಂಥವರ ಬಾಯಿ ಕಟ್ಟಿ ಕ್ಯಾಮೆರಾ ಮುಂದೆ ನಿಲ್ಲಿಸಿದರೆ ಏನು ಮಾಡಿರಬಹುದು? ಕಣ್ಣು ತಿರುಗಿಸಿದರಾ? ಹೆಜ್ಜೆ ಹೇಗಿಟ್ಟರು? ನಗಿಸುವ ಮೊದಲು ಎಷ್ಟು ಹೊತ್ತು ಸುಮ್ಮನೆ ನಿಂತರು? ಇದನ್ನು ಈಗ ಯಾರೂ ನೋಡಲಾರರು. ಆ ಸಿನಿಮಾ ಉಳಿದಿಲ್ಲ.

ಸಿನಿಮಾ ಕಳೆದುಹೋಯಿತು ಅಂದರೆ ನಾವು ಸಾಮಾನ್ಯವಾಗಿ ಒಂದು ಕತೆ ಕಳೆದುಹೋಯಿತು ಅಂದುಕೊಳ್ಳುತ್ತೇವೆ. ಇಲ್ಲಿ ಅದು ನಿಜವಲ್ಲ. ಚಿತ್ರಕ್ಕೆ ಮೂಲವಾದ ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ ಪೂರ್ತಿ ಹತ್ತು ಅಂಕ ನಮ್ಮ ಹತ್ತಿರ ಭದ್ರವಾಗಿದೆ. ಬನ್ನಂಜೆ ಗೋವಿಂದಾಚಾರ್ಯರು ‘ಆವೆಯ ಮಣ್ಣಿನ ಆಟದ ಬಂಡಿ’ ಅಂತ ಕನ್ನಡಕ್ಕೂ ತಂದಿದ್ದಾರೆ. ಮಾತು ಕಳೆದುಹೋಯಿತಾ ಅಂದರೆ ಅದೂ ಇಲ್ಲ, ಮೂಕಿ ಚಿತ್ರಕ್ಕೆ ಎಲ್ಲಿಯ ಮಾತು? ಹೋಗಿದ್ದು ಮೈ. ನಿರ್ದಿಷ್ಟವಾಗಿ ಇವರೇ, ಹೀಗೇ ನಡೆದರು, ಓಡಿದರು, ಎಡವಿದರು ಅನ್ನುವುದು. ಕೈಲಾಸಂ ವಿಷಯದಲ್ಲಂತೂ ಇದು ವಿಚಿತ್ರ ಲೆಕ್ಕ. ಅವರ ನಾಟಕಗಳಲ್ಲಿ ಮಾತು ಉಳಿದಿದೆ, ಮೈ ಇಲ್ಲ. ಈ ಸಿನಿಮಾದಲ್ಲಿ ಮೈ ಇತ್ತು, ಮಾತಿರಲಿಲ್ಲ. ಎರಡರಲ್ಲಿ ನಾವು ಕಳೆದುಕೊಂಡದ್ದು ನಮ್ಮ ಹತ್ತಿರ ಇಲ್ಲದ ಆ ಅರ್ಧವನ್ನೇ.

ಪುರಾಣ ಅಲ್ಲ, ಕ್ರೈಂ ಕಾಮಿಡಿ

‘ಮೃಚ್ಛಕಟಿಕ’ ಅಂದಕೂಡಲೇ ಸಂಸ್ಕೃತ ನಾಟಕ, ಪ್ರಾಚೀನ ಉಜ್ಜಯಿನಿ, ರೇಷ್ಮೆ ಸೀರೆ, ವೀಣೆ ಅಂತ ಒಂದು ಕ್ಯಾಲೆಂಡರ್ ಚಿತ್ರ ಕಣ್ಣ ಮುಂದೆ ಬರುತ್ತದೆ. ಒಳಗೆ ಏನಿದೆ ನೋಡಿ. ಕೈ ಬರಿದಾದ ಬ್ರಾಹ್ಮಣ ಚಾರುದತ್ತ, ಅವನನ್ನು ಪ್ರೀತಿಸುವ ಗಣಿಕೆ ವಸಂತಸೇನೆ. ಒಂದು ಒಡವೆ ಕಳ್ಳತನ. ಜೂಜಿನ ಸಾಲಕ್ಕೆ ಹೆದರಿ ಓಡುವ ಒಬ್ಬ. ಜೈಲು ಮುರಿದು ಪರಾರಿಯಾದ ಒಬ್ಬ ಕೈದಿ. ಗಾಡಿ ಅದಲುಬದಲು. ಕತ್ತು ಹಿಸುಕಿ ಕೊಲೆ ಯತ್ನ. ಸುಳ್ಳು ಕೇಸು, ಕೋರ್ಟು, ಸಾಕ್ಷಿ, ಗಲ್ಲಿಗೆ ಮೆರವಣಿಗೆ. ಜೊತೆಗೆ ರಾಜನ ಭಾಮೈದ ಅನ್ನುವ ಒಂದೇ ಅರ್ಹತೆಯಿಂದ ಊರೆಲ್ಲ ಆಳಲು ಹೊರಟ ದಡ್ಡ ಶಕಾರ. ದೇವತೆಗಳಿಲ್ಲ, ಶಾಪ ಇಲ್ಲ, ಆಕಾಶವಾಣಿ ಇಲ್ಲ. ಮೂಕಿ ಕಾಲದಲ್ಲಿ ನಮ್ಮವರು ಕೃಷ್ಣ, ಸಾವಿತ್ರಿ, ಹರಿಶ್ಚಂದ್ರ ಅಂತ ಪುರಾಣಗಳನ್ನು ಒಂದಾದ ಮೇಲೊಂದು ತೆಗೆಯುತ್ತಿದ್ದಾಗ ಈ ಕತೆಗೆ ಕೈ ಹಾಕಿದ್ದು ನನಗೆ ಬಹಳ ಇಷ್ಟವಾಗುತ್ತದೆ.

ಶೂದ್ರಕನಿಗೆ ಮೂಕಿ ಸಿನಿಮಾದ ಅಂದಾಜು ಇತ್ತು ಅಂತಲೇ ನನ್ನ ತಮಾಷೆಯ ವಾದ. ಎರಡನೇ ಅಂಕ ತೆಗೆದುಕೊಳ್ಳಿ. ಸಂವಾಹಕ ಅನ್ನುವವನು ಜೂಜಿನಲ್ಲಿ ಸೋತು, ದುಡ್ಡು ಕೊಡದೆ ಓಡಿಬರುತ್ತಾನೆ. ಎದುರಿಗೆ ಒಂದು ಪಾಳು ಗುಡಿ, ಒಳಗೆ ವಿಗ್ರಹ ಇಲ್ಲ. ಅವನು ಹಿಮ್ಮುಖವಾಗಿ ನಡೆದು ಒಳಗೆ ಹೋಗುತ್ತಾನೆ, ಹೆಜ್ಜೆ ಗುರುತು ಹೊರಗೆ ಹೋದ ಹಾಗೆ ಕಾಣಲಿ ಅಂತ. ಒಳಗೆ ಹೋಗಿ ದೇವರ ಹಾಗೆ ನಿಂತುಬಿಡುತ್ತಾನೆ. ಬೆನ್ನಟ್ಟಿ ಬಂದವರು ನೋಡುತ್ತಾರೆ. ಇದು ಮರದ ವಿಗ್ರಹವಾ? ಅಲ್ಲಪ್ಪ, ಕಲ್ಲಿನದು. ಅಲ್ಲಾಡಿಸಿ ನೋಡುತ್ತಾರೆ. ಕಡೆಗೆ ‘ವಿಗ್ರಹ’ದ ಮುಂದೆಯೇ ಕೂತು ಜೂಜು ಶುರು ಮಾಡುತ್ತಾರೆ. ದಾಳದ ಸದ್ದು ಕೇಳುತ್ತಿದ್ದ ಹಾಗೆ ಒಳಗಿನ ದೇವರಿಗೆ ಕೈ ತುರಿಸತೊಡಗುತ್ತದೆ. ಎಷ್ಟು ಹೊತ್ತು ತಡೆದಾನು? ಇಡೀ ದೃಶ್ಯಕ್ಕೆ ಒಂದು ಮಾತೂ ಬೇಕಿಲ್ಲ. ಇದನ್ನು ಅಮೆರಿಕದ ಯಾವ ಹಾಸ್ಯ ನಟನಿಗೆ ಕೊಟ್ಟರೂ ಕಣ್ಣಿಗೊತ್ತಿಕೊಂಡು ಮಾಡುತ್ತಿದ್ದ.

ಶಕಾರನದು ಮಾತ್ರ ತೊಂದರೆ. ಅವನ ಹಾಸ್ಯ ಬಾಯಲ್ಲೇ ಇರುವುದು. ಹನುಮಂತ ಸುಭದ್ರೆಯನ್ನು ಹೊತ್ತೊಯ್ದ ಹಾಗೆ ನಿನ್ನನ್ನು ಹೊತ್ತೊಯ್ಯುತ್ತೇನೆ ಅನ್ನುತ್ತಾನೆ. ಕತ್ತಲಲ್ಲಿ ವಸಂತಸೇನೆಯನ್ನು ಹುಡುಕುವಾಗ, ಹೂವಿನ ವಾಸನೆ ಕೇಳಿಸುತ್ತಿದೆ, ಮೂಗಿನಲ್ಲಿ ಕತ್ತಲು ತುಂಬಿರುವುದರಿಂದ ಒಡವೆಯ ಸದ್ದು ಸರಿಯಾಗಿ ಕಾಣುತ್ತಿಲ್ಲ ಅನ್ನುತ್ತಾನೆ. ಇದನ್ನು ಪರದೆಯ ಮೇಲೆ ಅಕ್ಷರದ ಪಟ್ಟಿಯಾಗಿ ತೋರಿಸಿದರೆ ಯಾರು ನಗುತ್ತಾರೆ? ಸಭೆಯಲ್ಲಿ ಓದು ಬರದವರೇ ಜಾಸ್ತಿ ಇದ್ದ ಕಾಲ. ಪಕ್ಕದವನು ಗಟ್ಟಿಯಾಗಿ ಓದಿ ಹೇಳುವಷ್ಟರಲ್ಲಿ ನಗೆ ಆರಿಹೋಗಿರುತ್ತದೆ. ಹಾಗಾಗಿ ಶಕಾರನನ್ನು ಮೈಯಿಂದಲೇ ಹುಟ್ಟಿಸಬೇಕು. ಶಲ್ಯ ಎಳೆಯುತ್ತಾ ಇರುವುದು, ಮೀಸೆಯ ಮೇಲೆ ಕೈಯಾಡಿಸುವುದು, ಹೆದರಿಕೆಯಾದಾಗ ಎದೆ ಉಬ್ಬಿಸುವುದು. ನನ್ನ ತಲೆಯಲ್ಲಿ ಓಡುವ ಸಿನಿಮಾದಲ್ಲಿ ಈ ಶಕಾರ ಯಾವಾಗಲೂ ಕೈಲಾಸಂ. ಬಂಡವಾಳವಿಲ್ಲದ ಬಡಾಯಿಯ ಬಗ್ಗೆ ಕನ್ನಡದಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಕನ್ನ ಕೊರೆದ ಮೇಷ್ಟ್ರು

ಈ ನಾಟಕ ನನಗೆ ಮೊದಲು ಪರಿಚಯವಾದದ್ದು ಪಿಯುಸಿಯಲ್ಲಿ. ನಮ್ಮ ಸಂಸ್ಕೃತ ಮೇಷ್ಟ್ರು ಪಂಚೆ, ಮುಚ್ಚಿದ ಕೋಟಿನ ಮನುಷ್ಯ. ನಗುತ್ತಿದ್ದದ್ದು ಕಡಿಮೆ. ಪಾಠಗಳೆಲ್ಲ ಮುಗಿದು, ಪರೀಕ್ಷೆಗೆ ಇನ್ನೂ ಸ್ವಲ್ಪ ದಿನ ಇದ್ದಾಗ ಒಂದು ಮಧ್ಯಾಹ್ನ ಬಂದವರು ಪುಸ್ತಕ ತೆಗೆಯಲಿಲ್ಲ. ‘ಇವತ್ತು ಕಳ್ಳತನ ಹೇಳಿಕೊಡ್ತೀನಿ, ಗಲಾಟೆ ಮಾಡಬೇಡಿ’ ಅಂದರು. ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು. ಬೋರ್ಡನ್ನೇ ಚಾರುದತ್ತನ ಮನೆಯ ಗೋಡೆ ಮಾಡಿಕೊಂಡರು. ಮೂರನೇ ಅಂಕ, ಶರ್ವಿಲಕನ ಪ್ರವೇಶ.

ಶರ್ವಿಲಕ ಬ್ರಾಹ್ಮಣ, ಓದಿದವನು. ವಸಂತಸೇನೆಯ ದಾಸಿ ಮದನಿಕೆಯ ಮೇಲೆ ಮನಸ್ಸು. ಅವಳನ್ನು ಬಿಡಿಸಿಕೊಳ್ಳೋಕೆ ದುಡ್ಡು ಬೇಕು, ಅದಕ್ಕೆ ಕನ್ನ. ಆದರೆ ಅವನು ಸುಮ್ನೆ ಗೋಡೆ ಒಡೆಯುವವನಲ್ಲ. ತೂತು ಯಾವ ಆಕಾರದಲ್ಲಿರಬೇಕು ಅಂತ ನಿಂತು ಯೋಚಿಸುತ್ತಾನೆ. ತಾವರೆ, ಸೂರ್ಯ, ಬಾಲಚಂದ್ರ, ಕೊಳ, ಸ್ವಸ್ತಿಕ, ಪೂರ್ಣಕುಂಭ. ಮೇಷ್ಟ್ರು ಸೀಮೆಸುಣ್ಣದಲ್ಲಿ ಇವನ್ನೆಲ್ಲ ಬೋರ್ಡಿನ ಮೇಲೆ ಬಿಡಿಸಿದರು. ‘ಬೆಳಗ್ಗೆ ಎದ್ದು ಜನ ನೋಡಿ ಭಲೇ ಅನ್ನಬೇಕ್ರೋ, ಅವನಿಗೆ ಅದೇ ಚಿಂತೆ’ ಅಂದರು. ಅಳತೆ ಪಟ್ಟಿ ಮರೆತು ಬಂದಿದ್ದಾನೆ. ತಕ್ಷಣ ಮೇಷ್ಟ್ರು ಅಂಗಿಯೊಳಗಿಂದ ಜನಿವಾರ ಎಳೆದು ಬೋರ್ಡಿಗೆ ಹಿಡಿದು ಅಳತೆ ಮಾಡಿದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಜನಿವಾರದ ಉಪಯೋಗಗಳ ಪಟ್ಟಿಯನ್ನು ಅವರು ಒಂದು ಚೂರೂ ನಗದೆ ಹೇಳಿದರು. ಗೋಡೆ ಅಳೆಯೋಕೆ ಆಗುತ್ತದೆ, ಬಳೆಯ ಕೊಂಡಿ ಬಿಚ್ಚೋಕೆ ಆಗುತ್ತದೆ, ಅಗುಳಿ ತೆಗೆಯೋಕೆ ಆಗುತ್ತದೆ, ಹಾವು ಕಚ್ಚಿದರೆ ಕಟ್ಟೋಕೂ ಆಗುತ್ತದೆ. ಹೇಳುತ್ತಿದ್ದ ಹಾಗೇ ಶರ್ವಿಲಕನ ಬೆರಳಿಗೆ ಹಾವು ಕಚ್ಚಿತು, ಮೇಷ್ಟ್ರು ಅದೇ ಜನಿವಾರದಿಂದ ಬೆರಳು ಕಟ್ಟಿಕೊಂಡರು.

ಆಮೇಲಿನದು ನನಗೆ ಇವತ್ತೂ ಹಾಗೇ ಕಾಣುತ್ತದೆ. ಕಳ್ಳ ಮೊದಲು ಒಂದು ಗೊಂಬೆಯನ್ನು ತೂತಿನೊಳಗೆ ತೂರಿಸುತ್ತಾನೆ, ಒಳಗೆ ಯಾರಾದರೂ ಕಾಯುತ್ತಿದ್ದರೆ ಪೆಟ್ಟು ಅದಕ್ಕೆ ಬೀಳಲಿ ಅಂತ. ಮೇಷ್ಟ್ರ ಗೊಂಬೆ ಡಸ್ಟರು. ಒಳಗೆ ಹೋದರೆ ಬಡವನ ಮನೆ, ಮೃದಂಗ, ವೀಣೆ, ಪುಸ್ತಕ ಬಿಟ್ಟರೆ ಏನೂ ಇಲ್ಲ. ಬೇಜಾರಾಗಿ ಹೊರಡಬೇಕು ಅನ್ನುವಾಗ, ವಸಂತಸೇನೆ ನಂಬಿ ಇಟ್ಟಿದ್ದ ಒಡವೆಗಳನ್ನು ಕಾಯುತ್ತಾ ಮಲಗಿದ್ದ ಚಾರುದತ್ತನ ಗೆಳೆಯ ಮೈತ್ರೇಯ ನಿದ್ದೆಯಲ್ಲಿ ಕನವರಿಸುತ್ತಾನೆ. ಮನೆಗೆ ಕಳ್ಳ ಬಂದ ಹಾಗಿದೆ, ಈ ಒಡವೆ ಪೆಟ್ಟಿಗೆ ನೀನೇ ಇಟ್ಟುಕೋ, ತೆಗೆದುಕೊಳ್ಳದಿದ್ದರೆ ಗೋವಿನ ಮೇಲಾಣೆ, ಬ್ರಾಹ್ಮಣನ ಮೇಲಾಣೆ! ಕಳ್ಳನಿಗೆ ಧರ್ಮಸಂಕಟ. ಅಂಥ ಆಣೆ ಮೀರುವುದುಂಟೇ? ತೆಗೆದುಕೊಳ್ಳುತ್ತಾನೆ. ಮೇಷ್ಟ್ರು ಇಲ್ಲಿ ಒಂದೂ ಮಾತಾಡಲಿಲ್ಲ. ಮೊದಲ ಬೆಂಚಿನ ಹುಡುಗನ ಮುಂದೆ ಕೈ ಚಾಚಿ, ಕತ್ತು ಒಂದು ಕಡೆ ಓರೆ ಮಾಡಿ, ಆಣೆ ಕೇಳಿದ ಮೇಲೆ ಎರಡೂ ಕೈಯಲ್ಲಿ ಪ್ರಸಾದ ತೆಗೆದುಕೊಂಡ ಹಾಗೆ ಜಾಮಿಟ್ರಿ ಬಾಕ್ಸ್ ತೆಗೆದುಕೊಂಡರು. ಕಣ್ಣಿಗೂ ಒತ್ತಿಕೊಂಡರು. ಕಣ್ಣಿಗೆ ಒತ್ತಿಕೊಳ್ಳುವುದು ಶೂದ್ರಕನಲ್ಲಿ ಇಲ್ಲ. ಅದು ಮೇಷ್ಟ್ರದ್ದು.

ಇದನ್ನು ಬರೆಯುವಾಗಲೇ ನನಗೆ ಗೊತ್ತಾಗುತ್ತಿದೆ, ನೀವು ಅಷ್ಟಾಗಿ ನಗುತ್ತಿಲ್ಲ. ದುಃಖವನ್ನು ಬರೆದು ದಾಟಿಸಬಹುದು, ನಗೆ ಹಾಗೆ ದಾಟುವುದಿಲ್ಲ. ಮೇಷ್ಟ್ರು ಪೆಟ್ಟಿಗೆ ತೆಗೆದುಕೊಳ್ಳುವ ಮೊದಲು ಎಷ್ಟು ಹೊತ್ತು ತಡೆದರು ಅನ್ನುವುದರಲ್ಲೇ ಎಲ್ಲ ಇತ್ತು. ಕಳೆದುಹೋದ ಭಕ್ತಿ ಚಿತ್ರದ ಕತೆ ಓದಿದರೆ ಅರ್ಧ ಭಕ್ತಿಯಾದರೂ ಬರುತ್ತದೆ. ಕಳೆದುಹೋದ ಹಾಸ್ಯ ಚಿತ್ರದ ಕತೆ ಓದಿದರೆ ಬರೀ ಕತೆ ಸಿಗುತ್ತದೆ.

ಬೆಳ್ಳಿಯ ಆಸೆ

ಭಾರತದಲ್ಲಿ ಸುಮಾರು 1,300 ಮೂಕಿ ಚಿತ್ರಗಳು ತಯಾರಾದವು. ಅವುಗಳಲ್ಲಿ ಈಗ ಇರುವುದು ಮೂವತ್ತಕ್ಕೂ ಕಡಿಮೆ. ಅದರಲ್ಲೂ ಕೆಲವು ಬರೀ ತುಣುಕುಗಳು. ಫಾಲ್ಕೆಯವರ 1913ರ ‘ರಾಜಾ ಹರಿಶ್ಚಂದ್ರ’ ಕೂಡ ಪೂರ್ತಿ ಇಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಅದನ್ನು ಕಟ್ಟಿದ ಪಿ.ಕೆ. ನಾಯರ್ ಊರೂರು ಅಲೆದು ಡಬ್ಬಗಳನ್ನು ಹುಡುಕಿ ತರುವಷ್ಟರಲ್ಲಿ ಮೂಕಿ ಯುಗ ಮುಗಿದು ಮೂವತ್ತು ವರ್ಷ ದಾಟಿತ್ತು.

ಹೋದದ್ದು ಹೇಗೆ? ಆಗಿನ ಫಿಲಂ ನೈಟ್ರೇಟಿನದು. ಒಮ್ಮೆ ಹೊತ್ತಿಕೊಂಡರೆ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ, ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬೆಂಕಿ ಬೀಳದಿದ್ದರೂ ಸೆಕೆಗೆ ಬೆವರಿ, ಅಂಟಂಟಾಗಿ, ಕಡೆಗೆ ಕಂದು ಪುಡಿಯಾಗುತ್ತದೆ. ಪುಣೆಯಲ್ಲೇ 2003ರ ಜನವರಿಯಲ್ಲಿ ನೈಟ್ರೇಟ್ ಫಿಲಂ ಇಟ್ಟಿದ್ದ ಕೋಣೆಗಳಿಗೆ ಬೆಂಕಿ ಬಿದ್ದು, ಉಳಿಸಿ ತಂದದ್ದೂ ಬಹಳಷ್ಟು ಹೋಯಿತು. ಇಷ್ಟೆಲ್ಲ ಪ್ರಕೃತಿಯ ಕೆಲಸ ಅನ್ನೋಣ. ಮನುಷ್ಯರ ಕೆಲಸ ಬೇರೆ. ಕಪ್ಪುಬಿಳುಪು ಫಿಲಂನ ಮೇಲಿನ ಲೇಪದಲ್ಲಿ ಬೆಳ್ಳಿ ಇರುತ್ತದೆ. ಟಾಕಿ ಬಂದ ಮೇಲೆ ಮೂಕಿ ಚಿತ್ರ ಯಾರಿಗೂ ಬೇಡವಾಯಿತು. ಡಬ್ಬ ಇಟ್ಟುಕೊಂಡರೆ ಜಾಗದ ಬಾಡಿಗೆ, ಬೆಂಕಿಯ ಭಯ. ತೊಳೆದು ಬೆಳ್ಳಿ ತೆಗೆದರೆ ಒಂದಿಷ್ಟು ಕಾಸು. ಉಳಿದ ಸೆಲ್ಯುಲಾಯ್ಡ್ ಪಟ್ಟಿ ಬಳೆ ಮಾಡುವವರಿಗೆ, ಚೀಲ ಮಾಡುವವರಿಗೆ. ಒಡವೆ ಕದ್ದ ಕಳ್ಳನ ಕತೆಯನ್ನು ಕೂಡ ಯಾರೋ ಬೆಳ್ಳಿಗಾಗಿ ಕರಗಿಸಿರಬಹುದು ಅಂತ ಅನ್ನಿಸಿದಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಮ್ಮೂರಿನ ಟೆಂಟ್ ಸಿನಿಮಾದ ಹಿಂದೆ ನಾವು ಹುಡುಗರು ಫಿಲಂ ತುಂಡು ಆಯುತ್ತಿದ್ದೆವು. ರೀಲು ತುಂಡಾದಾಗ ಆಪರೇಟರ್ ಕತ್ತರಿಸಿ ಅಂಟಿಸುತ್ತಿದ್ದರು, ಕತ್ತರಿಸಿದ ಚೂರು ಕಿಟಕಿಯಿಂದ ಆಚೆ ಬೀಳುತ್ತಿತ್ತು. ಅಲ್ಲಿ ದೊಡ್ಡ ವ್ಯಾಪಾರ ನಡೆಯುತ್ತಿತ್ತು. ರಾಜಕುಮಾರ್ ಕತ್ತಿ ಹಿಡಿದಿದ್ದರೆ ಒಂದು ಬೆಲೆ, ಸುಮ್ನೆ ನಿಂತಿದ್ದರೆ ಇನ್ನೊಂದು, ಬರೀ ಮರ ಗಿಡ ಇದ್ದರೆ ಯಾರಿಗೂ ಬೇಡ. ಉರಿದುಹೋದ ಬಲ್ಬಿನ ತಲೆ ತೆಗೆದು ನೀರು ತುಂಬಿದರೆ ಅದೇ ಲೆನ್ಸು. ಕಿಟಕಿ ಮುಚ್ಚಿ, ಒಬ್ಬ ಹೊರಗೆ ಬಿಸಿಲಲ್ಲಿ ಕನ್ನಡಿ ಹಿಡಿದು ನಿಂತರೆ, ಒಳಗೆ ಗೋಡೆಯ ಮೇಲೆ ರಾಜಕುಮಾರ್ ತಲೆಕೆಳಗಾಗಿ ಬರುತ್ತಿದ್ದರು. ತುಂಡನ್ನು ತಿರುಗಿಸಿ ಹಿಡಿಯಬೇಕು ಅಂತ ಕಂಡುಕೊಂಡವನು ನಮ್ಮಲ್ಲಿ ದೊಡ್ಡ ವಿಜ್ಞಾನಿ. ಕನ್ನಡಿ ಹಿಡಿಯುವ ಪಾಳಿ ಯಾರಿಗೂ ಇಷ್ಟವಿರಲಿಲ್ಲ, ಅವನಿಗೆ ಸಿನಿಮಾ ಕಾಣುವುದಿಲ್ಲವಲ್ಲ. ನಮ್ಮ ಹತ್ತಿರ ಡಬ್ಬಗಟ್ಟಲೆ ಚೂರುಗಳಿದ್ದವು. ಒಂದೂ ಉಳಿಯಲಿಲ್ಲ. ಸುಟ್ಟು ನೋಡಿದೆವು, ಹಂಚಿದೆವು, ಗೋಲಿಗೆ ಬದಲಾಯಿಸಿದೆವು. ಸಿನಿಮಾ ಅನ್ನುವುದು ಮತ್ತೆ ಬಂದೇ ಬರುತ್ತದೆ ಅನ್ನುವ ನಂಬಿಕೆ ನಮಗಿತ್ತು, 1935ರ ವಿತರಕನಿಗೂ ಇದ್ದಿರಬೇಕು.

ಉಳಿದ ಚಿತ್ರಗಳದೂ ಪುಣ್ಯದ ಕತೆ ಅಲ್ಲ, ಬರೀ ಅದೃಷ್ಟ. ತಿರುವಾಂಕೂರಿನಲ್ಲಿ 1933ರಲ್ಲಿ ತೆಗೆದ ‘ಮಾರ್ತಾಂಡ ವರ್ಮ’ ಇದೆ. ಸಿ.ವಿ. ರಾಮನ್ ಪಿಳ್ಳೈ ಅವರ ಕಾದಂಬರಿ ಆಧರಿಸಿದ್ದು. ಕಾದಂಬರಿಯ ಹಕ್ಕು ನಮ್ಮದು ಅಂತ ಪುಸ್ತಕದ ಪ್ರಕಾಶಕರು ಕೋರ್ಟಿಗೆ ಹೋದರು. ಪ್ರಿಂಟ್ ಜಪ್ತಿಯಾಯಿತು, ಚಿತ್ರ ಮಕಾಡೆ ಮಲಗಿತು. ಜಪ್ತಿಯಾದ ಆ ಪ್ರಿಂಟೇ 1974ರಲ್ಲಿ ಪುಣೆ ಸೇರಿತು. ಚೆನ್ನಾಗಿ ಓಡಿದ ಚಿತ್ರಗಳು ಸವೆದು ಹೋದವು, ಕೇಸು ಬಿದ್ದ ಚಿತ್ರ ಉಳಿದುಕೊಂಡಿತು. ‘ವಸಂತಸೇನಾ’ ಮೇಲೂ ಯಾರಾದರೂ ಒಂದು ಕೇಸು ಹಾಕಬಾರದಿತ್ತಾ ಅನ್ನಿಸುತ್ತದೆ. ಬಂಗಾಳದ ‘ಜಮಾಯಿ ಬಾಬು’ ಅನ್ನುವ 1931ರ ಹಾಸ್ಯ ಚಿತ್ರವೂ ಉಳಿದಿದೆ. ಹಳ್ಳಿಯಿಂದ ಕೊಲ್ಕತ್ತಾಗೆ ಬಂದ ಅಳಿಯ ದಾರಿ ತಪ್ಪಿ ಪಡುವ ಪಾಡು. ದೊಡ್ಡ ಕಲಾಕೃತಿಯೇನಲ್ಲ. ಆದರೆ ಆಗಿನ ಜನ ಯಾವುದಕ್ಕೆ ನಗುತ್ತಿದ್ದರು ಅಂತ ಅದರಲ್ಲಿ ಕಣ್ಣಾರೆ ನೋಡಬಹುದು. ನಮ್ಮ ಕಡೆಯದು ಹಾಗೊಂದು ಇಲ್ಲವಲ್ಲ.

ಯಾರು ಮೊದಲು ಅನ್ನುವ ಲೆಕ್ಕ

ಈ ಚಿತ್ರದ ಬಗ್ಗೆ ಬರೆಯುವವರು ಹೆಚ್ಚಾಗಿ ಒಂದೇ ಪ್ರಶ್ನೆ ಎತ್ತುತ್ತಾರೆ. ಇದು ಕನ್ನಡದ ಮೊದಲ ಮೂಕಿ ಚಿತ್ರವೇ? ಕೆಲವರು ಹೌದು ಅನ್ನುತ್ತಾರೆ. ಮಾತೇ ಇಲ್ಲದ ಚಿತ್ರ ಕನ್ನಡದ್ದೋ ಅಲ್ಲವೋ ಅಂತ ಹೇಗೆ ಹೇಳುವುದು ಅಂತ ಇನ್ನು ಕೆಲವರು. ಬೆಂಗಳೂರಿನಲ್ಲಿ ಆಗಲೇ ಸೂರ್ಯ ಫಿಲಂ ಕಂಪನಿ ಇತ್ತು, ಗುಬ್ಬಿ ವೀರಣ್ಣನವರೂ ಮೂಕಿ ಚಿತ್ರಗಳಿಗೆ ಕೈ ಹಾಕಿದ್ದರು, ಹಾಗಾಗಿ ವಾದ ಎಷ್ಟು ಬೇಕಾದರೂ ಬೆಳೆಸಬಹುದು. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಆ ಸಿನಿಮಾ ನಗು ತರಿಸುತ್ತಿತ್ತಾ ಅಂತ ಒಬ್ಬರೂ ಕೇಳುವುದಿಲ್ಲ. ಮೊದಲನೆಯದು ಅಂತ ಫಲಕ ಹಾಕಿಬಿಟ್ಟರೆ ಒಳಗೆ ಏನಿತ್ತು ಅನ್ನುವ ಕುತೂಹಲ ಸತ್ತುಹೋಗುತ್ತದೆ.

ಒಳಗೆ ಇದ್ದವರನ್ನು ನೋಡಿದರೆ ಕುತೂಹಲ ಜಾಸ್ತಿಯೇ ಆಗುತ್ತದೆ. ಭವನಾನಿ ಜರ್ಮನಿಯಲ್ಲಿ ಸಿನಿಮಾ ಕಲಿತು ಬಂದವರು. 1927ರಲ್ಲಿ ಸುಲೋಚನಾ ಅನ್ನುವ ನಟಿ ನಾಯಕಿಯಾಗಿದ್ದ ಭರ್ಜರಿ ಸಾಹಸ ಚಿತ್ರ ಮಾಡಿದ್ದರು. ಮುಂದೆ 1934ರಲ್ಲಿ ಪ್ರೇಮಚಂದರಿಂದ ಗಿರಣಿ ಕಾರ್ಮಿಕರ ಕತೆ ಬರೆಸಿ ‘ಮಿಲ್’ ತೆಗೆದರು, ಅದೂ ಈಗ ಇಲ್ಲ. ಕಮಲಾದೇವಿ ಮಂಗಳೂರಿನವರು. ಒಳ್ಳೆಯ ಮನೆತನದ ಹೆಣ್ಣುಮಕ್ಕಳು ಸಿನಿಮಾದ ಹತ್ತಿರವೂ ಸುಳಿಯದಿದ್ದ ಕಾಲದಲ್ಲಿ ಬಣ್ಣ ಹಚ್ಚಿದರು. ಅದಕ್ಕಿಂತ ಮೊದಲೇ, 1926ರಲ್ಲಿ, ಮದರಾಸಿನ ವಿಧಾನ ಪರಿಷತ್ತಿಗೆ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತಿದ್ದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಸೇರಿದರು. ಅಂದರೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಒಂದು ಕಡೆ ಸುಳ್ಳು ಕೇಸಿನ ಸಿನಿಮಾ, ಇನ್ನೊಂದು ಕಡೆ ನಿಜವಾದ ಕಟಕಟೆ.

ಇವರಲ್ಲಿ ಮೂಕಿ ಪರದೆಯ ಮೇಲೆ ನಾವು ಈಗಲೂ ನೋಡಬಹುದಾದವರು ಎನಾಕ್ಷಿ. 1928ರ ‘ಶಿರಾಜ್’ನಲ್ಲಿ ಮುಮ್ತಾಜ್ ಆಗುವ ಹುಡುಗಿ ಅವರೇ. ಫ್ರಾಂಜ್ ಓಸ್ಟೆನ್ ನಿರ್ದೇಶನ, ಹಿಮಾಂಶು ರಾಯ್ ನಿರ್ಮಾಣ. 2017ರಲ್ಲಿ ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟ್ ಅದನ್ನು ಜೀರ್ಣೋದ್ಧಾರ ಮಾಡಿತು, ಅನುಷ್ಕಾ ಶಂಕರ್ ಸಂಗೀತ ಕೂರಿಸಿದರು. ನಾನು ಅದನ್ನು ನೋಡಿದ್ದು ತಾಜಮಹಲಿಗಾಗಿ ಅಲ್ಲ. ವಸಂತಸೇನೆ ಹೇಗಿದ್ದಿರಬಹುದು ಅಂತ ನೋಡೋಕೆ. ಎನಾಕ್ಷಿ ಕೈ ಕಾಲು ಜಾಸ್ತಿ ಆಡಿಸುವುದಿಲ್ಲ. ಆ ಕಾಲದವರು ಎದೆ ಬಡಿದುಕೊಳ್ಳುತ್ತಾರೆ, ಹಣೆ ಹಿಡಿದುಕೊಳ್ಳುತ್ತಾರೆ ಅನ್ನುವುದು ನಮ್ಮ ಕಲ್ಪನೆ. ಇವರು ತಲೆ ತಿರುಗಿಸುತ್ತಾರೆ, ನಿಲ್ಲುತ್ತಾರೆ, ಅಷ್ಟೇ. ಅಂಥ ಸಮಾಧಾನದ ವಸಂತಸೇನೆಯ ಎದುರು ಕುಣಿದಾಡುವ ಶಕಾರ ಬಂದರೆ ಹಾಸ್ಯ ತಾನಾಗೇ ಹುಟ್ಟುತ್ತದೆ. ಈ ಎನಾಕ್ಷಿ ಮುಂದೆ ಭವನಾನಿಯವರನ್ನೇ ಮದುವೆಯಾದರು, ಭಾರತದ ನೃತ್ಯಗಳ ಬಗ್ಗೆ ಪುಸ್ತಕ ಬರೆದರು.

ಕತೆಗೂ ಕನ್ನಡದವರಿಗೂ ನಂಟು ಬಿಡಲಿಲ್ಲ. 1941ರಲ್ಲಿ ಆರ್. ನಾಗೇಂದ್ರರಾವ್, ಸುಬ್ಬಯ್ಯ ನಾಯ್ಡು ಇದ್ದ ಕನ್ನಡ ‘ವಸಂತಸೇನಾ’ ಬಂತು, ಈ ಸಲ ಮಾತಿನ ಸಮೇತ. 1984ರಲ್ಲಿ ಗಿರೀಶ್ ಕಾರ್ನಾಡರು ಹಿಂದಿಯಲ್ಲಿ ‘ಉತ್ಸವ್’ ಮಾಡಿದರು. ಅದರಲ್ಲಿ ಕಳ್ಳನ ಪಾತ್ರ ಶಂಕರ್ ನಾಗ್ ಅವರದು. ನಮ್ಮ ಪೀಳಿಗೆಯವರಿಗೆ ಶರ್ವಿಲಕ ಅಂದರೆ ಅದೇ ಮುಖ. ಶಕಾರ ಶಶಿ ಕಪೂರ್, ಹೊಟ್ಟೆ ಬಿಟ್ಟುಕೊಂಡು ಬಂದು ಚೆನ್ನಾಗಿ ಮಾಡಿದ್ದಾರೆ. ಆದರೂ ನೋಡುವಾಗ ನನಗೆ ಪಕ್ಕದಲ್ಲಿ ಇನ್ನೊಬ್ಬ ಶಕಾರ ನಿಂತ ಹಾಗೆ, ಮಾತಾಡದೆ.

ಒಂದೇ ರೀಲು ಸಿಕ್ಕಿದರೆ

ಎಲ್ಲಿಯಾದರೂ ಒಂದು ರೀಲು ಸಿಗುತ್ತದೆ, ಯಾವುದು ಬೇಕು ಕೇಳು ಅಂದರೆ ಕನ್ನ ಕೊರೆಯುವುದನ್ನು ನಾನು ಕೇಳುವುದಿಲ್ಲ. ಅದು ಮೇಷ್ಟ್ರ ದಯೆಯಿಂದ ನನ್ನ ಹತ್ತಿರ ಇದೆ. ಶಕಾರ ಕತ್ತು ಹಿಸುಕುವುದೂ ಬೇಡ. ನನಗೆ ಆರನೇ ಅಂಕ ಬೇಕು.

ಅಲ್ಲಿ ಇಬ್ಬರು ಕಾವಲಿನವರಿದ್ದಾರೆ, ವೀರಕ ಮತ್ತು ಚಂದನಕ. ಜೈಲಿನಿಂದ ಓಡಿಹೋದ ಆರ್ಯಕನನ್ನು ಹುಡುಕಲು ದಾರಿಯಲ್ಲಿ ಗಾಡಿಗಳನ್ನು ತಡೆದು ನೋಡುತ್ತಿದ್ದಾರೆ. ಚಾರುದತ್ತನ ಗಾಡಿ ಬರುತ್ತದೆ. ಒಳಗೆ ವಸಂತಸೇನೆ ಇದ್ದಾಳೆ ಅಂತ ಗಾಡಿ ಹೊಡೆಯುವವನೂ ನಂಬಿದ್ದಾನೆ. ಚಂದನಕ ಪರದೆ ಸರಿಸಿ ನೋಡಿದರೆ ಒಳಗೆ ಆರ್ಯಕ ಕೂತಿದ್ದಾನೆ. ಬಿಟ್ಟುಬಿಡಬೇಕು ಅಂತ ಚಂದನಕನಿಗೆ ಅನ್ನಿಸುತ್ತದೆ. ಆದರೆ ಗಾಬರಿಯಲ್ಲಿ ಬಾಯಿ ತಪ್ಪುತ್ತದೆ, ವೀರಕನಿಗೆ ಅನುಮಾನ ಬರುತ್ತದೆ. ನಾವು ದಕ್ಷಿಣದವರು, ನಮ್ಮ ಉಚ್ಚಾರ ಸ್ಪಷ್ಟ ಇರಲ್ಲ ಅಂತ ಚಂದನಕ ಸಮಜಾಯಿಷಿ ಕೊಡುತ್ತಾನೆ. ಹತ್ತಾರು ಜನಾಂಗಗಳ ಹೆಸ‍ರು ಹೇಳಿ ತನ್ನ ಭಾಷಾಜ್ಞಾನವನ್ನೂ ಮೆರೆಯುತ್ತಾನೆ. ವೀರಕ ಜಗ್ಗುವುದಿಲ್ಲ, ನಾನೇ ನೋಡುತ್ತೇನೆ ಅನ್ನುತ್ತಾನೆ. ಆಗ ಚಂದನಕ ಮನಸ್ಸಿನಲ್ಲೇ ಒಂದು ಉಪಾಯ ಹೂಡುತ್ತಾನೆ. ಈಗ ಒಂದು ಕರ್ಣಾಟ ಕಲಹ ತೆಗೆಯುತ್ತೇನೆ!

ನಾಟಕದಲ್ಲಿ ಇರುವುದೇ ಹಾಗೆ, ಕರ್ಣಾಟ ಕಲಹ. ಕಾಲು ಕೆರೆದು ಜಗಳ ತೆಗೆಯುವುದರಲ್ಲಿ ನಾವು ಆಗಲೇ ಉಜ್ಜಯಿನಿವರೆಗೂ ಹೆಸರು ಮಾಡಿದ್ದೆವು. ಇಬ್ಬರೂ ಒಬ್ಬರ ಜಾತಿ ಇನ್ನೊಬ್ಬರು ಸನ್ನೆಯಲ್ಲೇ ಎತ್ತಾಡುತ್ತಾರೆ. ಕಸುಬಿನ ಉಪಕರಣ ಹಿಡಿದ ಹಾಗೆ ಕೈ ತೋರಿಸಿ ಹಂಗಿಸುವುದು. ಅದೂ ಮೂಕಿ ಚಿತ್ರಕ್ಕೆ ಹೇಳಿ ಮಾಡಿಸಿದ್ದು. ಕಡೆಗೆ ಚಂದನಕ ವೀರಕನ ಜುಟ್ಟು ಹಿಡಿದೆಳೆದು ಕೆಡವಿ ಒದೆಯುತ್ತಾನೆ, ಗಾಡಿ ಪಾರಾಗುತ್ತದೆ. ಒದೆ ತಿಂದ ವೀರಕ ಸುಮ್ಮನಿರುತ್ತಾನಾ? ಒಂಬತ್ತನೇ ಅಂಕದಲ್ಲಿ, ವಸಂತಸೇನೆಯನ್ನು ಕೊಂದ ಅನ್ನುವ ಸುಳ್ಳು ಆರೋಪದ ಮೇಲೆ ಚಾರುದತ್ತನ ವಿಚಾರಣೆ ನಡೆಯುತ್ತಿರುವಾಗ, ದೂರು ಹಿಡಿದು ಕೋರ್ಟಿಗೆ ಬರುತ್ತಾನೆ. ಅವನ ತಲೆಯಲ್ಲಿ ಇರುವುದು ಒದೆ ಮಾತ್ರ. ಆದರೆ ಹೇಳುವಾಗ, ಚಾರುದತ್ತನ ಗಾಡಿಯಲ್ಲಿ ವಸಂತಸೇನೆ ಪುಷ್ಪಕರಂಡಕ ತೋಟಕ್ಕೆ ಹೋಗುತ್ತಿದ್ದಳಂತೆ ಅನ್ನುವುದನ್ನೂ ಹೇಳಿಬಿಡುತ್ತಾನೆ. ಅಲ್ಲಿಗೆ ಚಾರುದತ್ತನ ಕೇಸು ಕೆಟ್ಟಿತು. ಒಬ್ಬ ದಕ್ಷಿಣದವನು ಕರ್ಣಾಟದ ಶೈಲಿಯಲ್ಲಿ ತೆಗೆದ ಸುಳ್ಳು ಜಗಳದಿಂದ ಒಬ್ಬ ಕೈದಿ ಬದುಕಿದ, ಒಬ್ಬ ನಿರಪರಾಧಿ ವಧ್ಯಸ್ಥಾನಕ್ಕೆ ಹೋದ. ಈ ದೃಶ್ಯವನ್ನು ಕನ್ನಡದ ನಟರಿದ್ದ ಚಿತ್ರದಲ್ಲಿ ಹೇಗೆ ಆಡಿದರು ಅಂತ ನೋಡಬೇಕು. ಸದ್ದೇ ಇಲ್ಲದ ಕನ್ನಡ ಜಗಳ. ಕೈಲಾಸಂ ಆ ರೀಲಿನಲ್ಲಿ ಇಲ್ಲದಿದ್ದರೂ ಪರವಾಗಿಲ್ಲ.